ಹಿಟ್ಟಿಗೆ ಬಿಟ್ಟುಕೊಟ್ಟ ಕೋಣೆ

ಚಳಿಗೆ ಮುದುಡಿಕೊಳ್ಳುವುದು ಮನುಷ್ಯರು ಮಾತ್ರ ಎಂದುಕೊಂಡವರು ಆ ವರ್ಷ ಬೇಕರಿಯಕ್ಕನ ಮನೆಗೆ ಬಂದು ನೋಡಬೇಕಿತ್ತು. ಸಂಜೆ ನಾದಿಟ್ಟ ಬ್ರೆಡ್ಡಿನ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ತೊಟ್ಟಿಯ ಅಂಚಿಗೆ ಬಂದಿರಬೇಕು. ಅದು ಬಿಟ್ಟು, ತಳದಲ್ಲೇ ಮುದ್ದೆಯಾಗಿ, ಮುಟ್ಟಿದರೆ ತಣ್ಣಗೆ ಬಿಗಿಯಾಗಿ ಕೂತಿರುತ್ತಿತ್ತು. ಹೊರಗೆ ಮಂಜು ಎಂಥದ್ದೆಂದರೆ ಎದುರಿನ ಸೈಕಲ್ ಶಾಪು ಕಾಣಿಸಬೇಕಾದರೆ ಹೊತ್ತು ನೆತ್ತಿಗೇರಬೇಕಿತ್ತು. ಒಗೆದು ಹಾಕಿದ ಬಟ್ಟೆ ಒಣಗುವುದನ್ನೇ ಮರೆತಿತ್ತು. ನಲ್ಲಿಗೆ ಕೈಯೊಡ್ಡಿದರೆ ಸ್ವಲ್ಪ ಹೊತ್ತು ಬೆರಳುಗಳು ಬೇರೆ ಯಾರದ್ದೋ ಅನ್ನಿಸುತ್ತಿದ್ದವು.

ಬೇಕರಿಯಕ್ಕ ಅನ್ನುವುದು ಬೀದಿಯವರು ಇಟ್ಟ ಹೆಸರು. ಬೇಕರಿಯನ್ನು ಕಟ್ಟಿದ್ದು ಅವಳ ಅತ್ತೆ ಮಾವ. ಮಾವ ಹೋದ ಮೇಲೆ ಭಟ್ಟಿಯ ಕೆಲಸ ಗಂಡನಿಗೆ ಬಂತು, ಅಂಗಡಿ ಅವಳಿಗೆ ಬಂತು. ಅಂದರೆ ಬೇಯಿಸುವುದು ಅವನ ಪಾಲು, ಬೈಸಿಕೊಳ್ಳುವುದು ಅವಳ ಪಾಲು.

"ಏನಕ್ಕಾ, ಬ್ರೆಡ್ಡು ಮಾರ್ತಿದೀರೋ, ಇಟ್ಟಿಗೆನೋ?" ಅಂದ ಹಾಲಿನವನು.

"ಹಲ್ಲು ಗಟ್ಟಿ ಇರೋರಿಗೆ ಮಾತ್ರ ಅಂತ ಒಂದು ಬೋರ್ಡ್ ಹಾಕ್ಬಿಡಿ," ಅಂದಳು ಶಾಲೆಯ ಆಯಾ.

ಇವನ್ನೆಲ್ಲ ನಕ್ಕು ನುಂಗಬಹುದಿತ್ತು. ಆದರೆ ಹುಡುಗರ ಹಾಸ್ಟೆಲಿನ ಅಡುಗೆಯವನು ಬುಟ್ಟಿ ಸಮೇತ ಬ್ರೆಡ್ಡು ವಾಪಸ್ ತಂದು ಕೌಂಟರಿನ ಮೇಲೆ ಇಟ್ಟ ದಿನ ಅವಳಿಗೆ ನಗು ಬರಲಿಲ್ಲ.

"ಹುಡುಗ್ರು ಇದನ್ನ ತಿಂತಿಲ್ಲ ಅಕ್ಕ, ಚೆಂಡಾಟ ಆಡ್ತಿದಾರೆ. ಇನ್ನೊಂದು ವಾರ ನೋಡ್ತೀನಿ. ಹೀಗೇ ಆದ್ರೆ ಮಾರ್ಕೆಟ್ ಹತ್ರದ ಬೇಕರಿಯಿಂದ ತರಿಸ್ಕೋತೀನಿ. ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿಯುವುದೇನು ಬಂತು, ಹಾಸ್ಟೆಲು ಕೈಬಿಟ್ಟರೆ ಭಟ್ಟಿ ಅರ್ಧ ಖಾಲಿ. ಗಂಡ ತನಗೆ ತೋಚಿದ್ದನ್ನೆಲ್ಲ ಮಾಡಿ ನೋಡಿದ. ಒಂದು ದಿನ ಬಿಸಿನೀರಲ್ಲಿ ನಾದಿದ, ನೀರು ಅತಿ ಬಿಸಿಯಾಗಿ ಈಸ್ಟು ಸತ್ತೇಹೋಯಿತು. ಇನ್ನೊಂದು ದಿನ ಈಸ್ಟು ಜಾಸ್ತಿ ಹಾಕಿದ, ಬ್ರೆಡ್ಡು ಹುಳಿ ಹುಳಿ. ತೊಟ್ಟಿಗಳಿಗೆ ತನ್ನ ಕಂಬಳಿಯನ್ನೇ ಹೊದಿಸಿ ತಾನು ಚಾದರದಲ್ಲಿ ಮಲಗಿದ. ಹಿಟ್ಟು ಉಬ್ಬಲಿಲ್ಲ, ಅವನಿಗೆ ನೆಗಡಿ ಹಿಡಿಯಿತು.

ಆ ಮನೆಯಲ್ಲಿ ಬೆಚ್ಚಗಿದ್ದದ್ದು ಒಂದೇ ಕೋಣೆ. ಭಟ್ಟಿಯ ಹಿಂಗೋಡೆಗೆ ಅಂಟಿಕೊಂಡು, ಒಂದು ಮಂಚ ಹಾಕಿದರೆ ಕಾಲಿಡಲು ಮಾತ್ರ ಜಾಗ ಉಳಿಯುವ ಪುಟ್ಟ ಕೋಣೆ. ಭಟ್ಟಿ ಆರಿಸಿದ ಮೇಲೂ ಆ ಗೋಡೆಯ ಬಿಸಿ ಆರುತ್ತಿರಲಿಲ್ಲ. ಅದು ಅತ್ತೆಯ ಕೋಣೆ. ಮಾವ ಇದ್ದಾಗಿನಿಂದಲೂ ಅವರು ಬೆನ್ನನ್ನು ಆ ಗೋಡೆಗೆ ಕೊಟ್ಟೇ ಮಲಗುವುದು. ಮಂಡಿನೋವಿಗೆ ಯಾವ ಮುಲಾಮೂ ಬೇಡ, ನನ್ನ ಗೋಡೆ ಸಾಕು ಅನ್ನುತ್ತಿದ್ದರು. ಮನೆಗೆ ಯಾರು ಬಂದರೂ ಒಳಗೆ ಕರೆದು ಗೋಡೆ ಮುಟ್ಟಿಸಿ ಕಳಿಸುತ್ತಿದ್ದರು.

ಬೇಕರಿಯಕ್ಕನ ಕಣ್ಣು ಆ ಗೋಡೆಯ ಮೇಲೆ ಬಿತ್ತು.

ಅತ್ತೆ ಬೇಗ ಉಂಡು ಎದ್ದು ಹೋದ ಒಂದು ದಿನ ಊಟದ ಮೇಜಿನಲ್ಲಿ ಮಾತು ತೆಗೆದಳು. "ರೀ, ತೊಟ್ಟಿಗಳನ್ನ ಅತ್ತೆ ಕೋಣೇಲಿ ಇಟ್ರೆ ಹೇಗೆ?"

ಗಂಡ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದ. "ಅಮ್ಮ ಎಲ್ಲಿ ಮಲಗ್ತಾಳೆ?"

"ಮುಂದಿನ ಕೋಣೇಲಿ. ದೊಡ್ಡದಿದೆ, ಗಾಳಿ ಬೆಳಕಿದೆ."

"ಗಾಳಿ ಇದೆ, ಸರಿ," ಅಂದಳು ಮಗಳು. ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ಅವಳ ನಾಲಿಗೆ ಚುರುಕಾಗಿತ್ತು. "ಪಕ್ಕದಲ್ಲೇ ಅಂಗಡಿ ಷಟರ್, ಅದರ ಸಂದಿಯಿಂದ ಸುಂಯ್ ಅಂತ ಬರುತ್ತೆ. ಹಿಟ್ಟಿಗೆ ಚಳಿ ಆಗುತ್ತೆ ಅಂತ ಅಜ್ಜಿನ ಆಚೆ ಹಾಕ್ತೀರಾ?"

"ಆಚೆ ಹಾಕೋದೇನೇ? ನಾಲ್ಕು ದಿನದ ಮಾತು. ಚಳಿ ಇಳಿದ ಮೇಲೆ ವಾಪಸ್."

"ಅಮ್ಮನ್ನ ಒಂದು ಮಾತು ಕೇಳು," ಅಂದ ಗಂಡ.

"ನೀವೇ ಕೇಳಿ. ನಿಮ್ಮಮ್ಮ ತಾನೆ?"

"ನಂಗೆ ಭಟ್ಟಿ ಹತ್ರ ಕೆಲಸ ಇದೆ," ಅಂದು ಅವನು ಅರ್ಧ ಸುಲಿದ ಆಲೂಗಡ್ಡೆ ಕೈಯಲ್ಲೇ ಹಿಡಿದುಕೊಂಡು ಎದ್ದುಹೋದ. ಬೆಂಕಿಯ ಮುಂದೆ ಗಂಟೆಗಟ್ಟಲೆ ನಿಲ್ಲುವ ಗಂಡಸು, ಹೆತ್ತ ತಾಯಿಯ ಮುಂದೆ ಒಂದು ಮಾತು ಎತ್ತಲು ಬೆವರುತ್ತಿದ್ದ.

ಕೇಳುವ ಕೆಲಸ ಅವನೂ ಮಾಡಲಿಲ್ಲ, ಇವಳೂ ಮಾಡಲಿಲ್ಲ. ಮಗಳು ಅಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಬೇಕರಿಯಕ್ಕ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಬನ್ನಿ, ಮಂಚ ಹಿಡೀರಿ."

"ಅಮ್ಮ ಬರ್ಲಿ, ಕೇಳಿ ಮಾಡೋಣ."

"ಕೇಳಿದ್ರೆ ಬೇಡ ಅಂತಾರೆ."

"ಬೇಡ ಅಂದ್ರೆ?"

"ಅದಕ್ಕೇ ಕೇಳೋದು ಬೇಡ ಅಂದಿದ್ದು. ಹಿಡೀರಿ."

ಗಂಡ ಮಂಚದ ಒಂದು ತುದಿ ಹಿಡಿದ. ಗೊಣಗಿಕೊಂಡೇ ಹಿಡಿದ, ಆದರೆ ಹಿಡಿದ. ಮಧ್ಯಾಹ್ನದೊಳಗೆ ಮಂಚ, ಟ್ರಂಕು, ಗೋಡೆಯ ಮೇಲಿನ ಮಾವನ ಫೋಟೋ ಎಲ್ಲ ಮುಂದಿನ ಕೋಣೆಗೆ ಬಂದವು. ಮಂಚವಿದ್ದ ಜಾಗದಲ್ಲಿ ಹಲಗೆ ಹಾಕಿ, ಅದರ ಮೇಲೆ ಆವತ್ತು ಬೇಗನೇ ನಾದಿದ ಹಿಟ್ಟಿನ ತೊಟ್ಟಿಗಳನ್ನು ಸಾಲಾಗಿ ಇಟ್ಟು ಒದ್ದೆ ಬಟ್ಟೆ ಹೊದಿಸಿದರು. ಸಂಜೆಯಾಗುವ ಮೊದಲೇ ಬಟ್ಟೆಗಳು ಗುಂಡಗೆ ಮೇಲೆದ್ದವು. ಬೇಕರಿಯಕ್ಕ ಒಂದು ಬಟ್ಟೆ ಸರಿಸಿ ನೋಡಿ, ಸಣ್ಣ ಹುಡುಗಿಯ ಹಾಗೆ ಕೈತಟ್ಟಿದಳು.

ಅತ್ತೆ ಬಂದಾಗ ಅವಳು ಅಂಗಡಿಯಲ್ಲಿದ್ದಳು. ಮುಂಚೆಯೇ ಹೋಗಿ ಬಾಗಿಲಲ್ಲಿ ನಿಂತು ಎರಡು ಮಾತು ಹೇಳಬೇಕು ಎಂದು ಅಂದುಕೊಂಡೇ ಇದ್ದಳು. ಗಿರಾಕಿ ಬಂದರು, ಆಗಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ ಕಳಿಸಿದ್ದರು, ಅತ್ತೆಗೆ ಎಲ್ಲವೂ ಮಸುಕು. ಮೊಮ್ಮಗಳು ಚಪ್ಪಲಿ ಬಿಡುತ್ತಿರುವಾಗಲೇ ಅವರು ಅಭ್ಯಾಸದ ಬಲದಿಂದ ಗೋಡೆ ಸವರುತ್ತಾ ನೇರ ತಮ್ಮ ಕೋಣೆಗೆ ಹೋದರು. ಮಂಚದ ಅಂಚು ಇರಬೇಕಾದ ಕಡೆ ಕೈಯೂರಿ ಕೂರಲು ಬಗ್ಗಿದರು. ಕೈ ಮೊಣಕೈವರೆಗೆ ಹಿಟ್ಟಿನೊಳಗೆ ಹೋಯಿತು.

"ಅಯ್ಯೋ!" ಎಂಬ ಕೂಗಿಗೆ ಬೇಕರಿಯಕ್ಕ ಓಡಿದಳು. ಅತ್ತೆ ಬಲಗೈ ಮುಂದೆ ಚಾಚಿ ನಿಂತಿದ್ದರು, ಬೆರಳುಗಳಿಂದ ಹಿಟ್ಟು ಎಳೆಎಳೆಯಾಗಿ ಜೋಲುತ್ತಿತ್ತು. ಮೊಮ್ಮಗಳು ಹಿಂದೆ ನಿಂತು ತಾಯಿಯನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ಇಲ್ಲಿ ನನ್ನ ಮಂಚ ಇತ್ತಲ್ಲ?" ಅಂದರು ಅತ್ತೆ.

"ಮುಂದಿನ ಕೋಣೆಗೆ ಹಾಕಿದೀವಿ, ಅತ್ತೆ. ಹಿಟ್ಟು ಉಬ್ತಾ ಇರ್ಲಿಲ್ಲ. ಹಾಸ್ಟೆಲಿನವನು..."

ಅತ್ತೆ ಮಾತು ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಎಡಗೈಯಿಂದ ಬೆರಳುಗಳ ಹಿಟ್ಟನ್ನು ಒಂದೊಂದಾಗಿ ಕಿತ್ತು ತೊಟ್ಟಿಗೇ ಹಾಕಿದರು. "ಚೆನ್ನಾಗಿ ಉಬ್ಬಿದೆ," ಅಂದರು. ಆಮೇಲೆ, "ಮುಂದಿನ ಕೋಣೆಗೆ ಕರ್ಕೊಂಡು ಹೋಗಮ್ಮ, ಕಣ್ಣು ಕಾಣ್ತಿಲ್ಲ," ಎಂದು ಮೊಮ್ಮಗಳ ಭುಜ ಹಿಡಿದರು. ಬೈದಿದ್ದರೆ ಬೇಕರಿಯಕ್ಕನಿಗೆ ಎದುರು ಹೇಳಲು ನೂರು ಮಾತು ತಯಾರಿದ್ದವು. ಒಂದೂ ಖರ್ಚಾಗಲಿಲ್ಲ, ಎಲ್ಲ ಹೊಟ್ಟೆಯಲ್ಲೇ ಉಳಿದವು.

ಬ್ರೆಡ್ಡು ಮಾತ್ರ ಹತ್ತಿಯ ಹಾಗೆ ಬಂತು. ಅಡುಗೆಯವನು ಒತ್ತಿ ನೋಡಿ ಖುಷಿಯಾದ. ಹಾಲಿನವನು ಅಂಗಡಿ ಮುಂದೆಯೇ ಎರಡು ಬನ್ನು ಮುಗಿಸಿದ. ಬೇಕರಿಯಕ್ಕ ಷಟರಿನ ಸಂದಿಗೆ ಹಳೇ ಪೇಪರು ತುರುಕಿದಳು, ಅತ್ತೆಗೆ ತನ್ನ ಕಂಬಳಿಯನ್ನೂ ಹೊದಿಸಿದಳು, ಬಿಸಿನೀರಿನ ಚೀಲ ತಂದಳು. ಹೀಟರು ಹಾಕಿದರೆ ನಾದುವ ಮೆಷಿನ್ನಿನ ಜೊತೆ ಫ್ಯೂಸು ಹೋಗುತ್ತಿತ್ತು. ಅತ್ತೆ ಎಲ್ಲದಕ್ಕೂ "ಸಾಕಮ್ಮ, ಸಾಕು" ಅಂದರು. ಬೆಳಿಗ್ಗೆ ಚಹಾ ಕೊಡಲು ಹೋದರೆ, ಕಾಲು ಎದೆಗೆ ಮಡಚಿಕೊಂಡು ಕೂತೇ ಇರುತ್ತಿದ್ದರು.

"ಅಜ್ಜಿ ಮಲಗ್ತಿಲ್ಲ, ಕೂತೇ ಬೆಳಗು ಮಾಡ್ತಾಳೆ," ಅಂದಳು ಮಗಳು.

"ವಯಸ್ಸಾದೋರಿಗೆ ನಿದ್ದೆ ಕಮ್ಮಿ."

"ಹೋದ ವಾರದ ತನಕ ವಯಸ್ಸಾಗಿರ್ಲಿಲ್ವಾ?"

"ನಿನ್ನ ಪಾಠ ನೀನು ಓದ್ಕೊ ಹೋಗು!"

ಕೆಮ್ಮು ಶುರುವಾಯಿತು. ಮೊದಮೊದಲು ಗಂಟಲು ಸರಿಮಾಡಿಕೊಂಡ ಹಾಗೆ ಇದ್ದದ್ದು, ಆಮೇಲೆ ಅಂಗಡಿಯ ಗಿರಾಕಿಗಳಿಗೂ ಕೇಳಿಸುವಷ್ಟಾಯಿತು. ಹಾಸಿಗೆ ಒಳಗೆ ಹಾಕೋಣವೇ ಎಂದು ಬೇಕರಿಯಕ್ಕ ದಿನವೂ ಯೋಚಿಸಿದಳು. ಪೇಪರಿನಲ್ಲಿ ಚಳಿ ಇನ್ನೆರಡು ದಿನಕ್ಕೆ ಇಳಿಯುತ್ತದೆ ಎಂದಿತ್ತು, ಎರಡು ದಿನ ತಡೆದಳು. ಪೇಪರಿನವರು ಮತ್ತೆ ಎರಡು ದಿನ ಮುಂದಕ್ಕೆ ಹಾಕಿದರು, ಅವಳೂ ಹಾಕಿದಳು. ಒಂದು ಬೆಳಿಗ್ಗೆ ಅತ್ತೆಗೆ ಚಹಾ ಲೋಟ ಹಿಡಿಯಲು ಆಗಲಿಲ್ಲ. ಮೈ ಭಟ್ಟಿಯ ಹಾಗೆ ಸುಡುತ್ತಿತ್ತು.

ಆಸ್ಪತ್ರೆಯಲ್ಲಿ ನ್ಯುಮೋನಿಯ ಅಂದರು. ಡಾಕ್ಟರು ಚೀಟಿ ಬರೆಯುತ್ತಾ ಕೇಳಿದರು, "ಮನೇಲಿ ಇವರಿಗೆ ಬೆಚ್ಚಗಿರೋ ಜಾಗ ಇಲ್ವಾ?"

"ಇದೆ ಡಾಕ್ಟ್ರೇ," ಅಂದ ಗಂಡ.

ಬೇಕರಿಯಕ್ಕನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇತ್ತು, ಹೌದು. ಅದರಲ್ಲಿ ಹಿಟ್ಟು ಮಲಗಿತ್ತು.

ಮಾರನೆಯ ದಿನ ನಾದಿನಿ ಬಂದಿಳಿದಳು. ಬೇರೆ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸ ಅವಳದು. ದಿನವಿಡೀ ಕಿಟಕಿಯ ಹಿಂದೆ ಕೂತು ಜನರ ಮೇಲೆ ಕೂಗಿ ಕೂಗಿ, ಗುಟ್ಟು ಹೇಳಿದರೂ ಪ್ಲಾಟ್‌ಫಾರ್ಮಿಗೆಲ್ಲ ಕೇಳಿಸುವ ಗಂಟಲು. ತಾಯಿಯ ಬಟ್ಟೆ ತರಲು ಮನೆಗೆ ಹೋದವಳು ಕೋಣೆಯನ್ನೂ ನೋಡಿದಳು, ಷಟರಿನ ಪಕ್ಕದ ಮಂಚವನ್ನೂ ನೋಡಿದಳು. ವಾರ್ಡಿಗೆ ಹಿಂತಿರುಗಿದಾಗ ಮುಖ ಕೆಂಪಗಾಗಿತ್ತು.

"ಅತ್ತಿಗೆ, ಅಮ್ಮನ ಕೋಣೇಲಿ ಹಿಟ್ಟು ಯಾಕಿದೆ? ಈ ಚಳೀಲಿ ಅಮ್ಮನ್ನ ಬಾಗಿಲಲ್ಲಿ ಮಲಗಿಸಿದೀರಾ? ಅಣ್ಣಾ, ನಿನ್ನ ಬಾಯಿಗೇನು ಬೀಗ ಹಾಕಿತ್ತಾ?"

ಅಣ್ಣ ಸಲೈನಿನ ಬಾಟಲಿಯನ್ನು ನೋಡುತ್ತಾ ನಿಂತ. ಪಕ್ಕದ ಹಾಸಿಗೆಯವರೂ ಎದ್ದು ಕೂತರು. ಬೇಕರಿಯಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಹಾಸಿಗೆಯಿಂದ ಅತ್ತೆಯ ಸೋತ ಸ್ವರ ಬಂತು.

"ಕಿರುಚಬೇಡ್ವೇ. ನಾನೇ ಬಿಟ್ಟುಕೊಟ್ಟಿದ್ದು."

"ಏನು?"

"ಹಿಟ್ಟು ಉಬ್ತಿರ್ಲಿಲ್ಲ. ನಿಮ್ಮಪ್ಪ ಕಟ್ಟಿದ ಬೇಕರಿ ಕಣ್ಣೆದುರಿಗೆ ಮುಚ್ಚೋದನ್ನ ನೋಡ್ಲಾ? ಇವಳು ಬೇಡ ಬೇಡ ಅಂದ್ಲು. ನಾನೇ ಹಟ ಹಿಡಿದು ಮಂಚ ಆಚೆ ಹಾಕ್ಸಿದೆ."

ಮಾತು ಮುಗಿಸಿ ಕಣ್ಣು ಮುಚ್ಚಿಕೊಂಡರು. ನಾದಿನಿ ಮೂಗು ಒರೆಸಿಕೊಂಡು ಅತ್ತಿಗೆಯ ಕೈ ಹಿಡಿದಳು. "ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡಿ ಅತ್ತಿಗೆ." ಇಲ್ಲ, ಹಾಗಲ್ಲ ಅನ್ನಬೇಕಿದ್ದ ಬೇಕರಿಯಕ್ಕ ಅತ್ತೆಯ ಹೊದಿಕೆ ಸರಿಮಾಡಿದಳು. ಜೊತೆಗೆ, ಹೇಳಲು ನಾಚಿಕೆ, ಒಂದು ಸಮಾಧಾನವೂ ಆಯಿತು.

ಆ ಸಮಾಧಾನ ಮನೆ ತಲುಪುವವರೆಗೂ ಬಾಳಲಿಲ್ಲ. ಅತ್ತೆ ಚೇತರಿಸಿಕೊಂಡ ಹಾಗೆಲ್ಲ ಆ ಸುಳ್ಳೂ ಚೇತರಿಸಿಕೊಂಡಿತು. ನೋಡಲು ಬಂದವರಿಗೆಲ್ಲ ಅತ್ತೆ ದಿಂಬಿಗೆ ಒರಗಿ ಕೂತು ಕಥೆ ಹೇಳುತ್ತಿದ್ದರು. ಮೊದಲ ಸಲ ಒಂದು ಮಾತಿನಲ್ಲಿ ಮುಗಿದದ್ದು, ಮೂರನೇ ಸಲಕ್ಕೆ, ಸೊಸೆ ಕಾಲು ಹಿಡಿದು ಬೇಡ ಅಂದಳು, ಮಗ ಅತ್ತ, ಅನ್ನುವವರೆಗೆ ಬೆಳೆಯಿತು. ಆಯಾ ಅದನ್ನು ಬೀದಿಗೆಲ್ಲ ಹಂಚಿದಳು. "ನಿಮ್ಮತ್ತೆ ದೊಡ್ಡ ಮನಸ್ಸು ಅಕ್ಕ, ಇಂಥೋರು ಎಲ್ಲಿ ಸಿಗ್ತಾರೆ?" ಎಂದು ಹಾಲಿನವನು ಅಂಗಡಿಯಲ್ಲಿ ನಿಂತು ಹೇಳಿದಾಗ ಬೇಕರಿಯಕ್ಕ ಬನ್ನಿನ ಬದಲು ಬಿಸ್ಕತ್ತು ಕಟ್ಟಿಕೊಟ್ಟಳು. ನಾದಿನಿ ತನ್ನ ಹೊಸ ಶಾಲನ್ನು ಬಲವಂತವಾಗಿ ಅವಳಿಗೆ ಹೊದಿಸಿದಳು. "ನೀವೂ ನಿಮ್ಮ ಆರೋಗ್ಯ ನೋಡ್ಕೊಳ್ಳಿ. ಊಟ ಯಾಕೆ ಸೇರ್ತಿಲ್ಲ?"

ಊಟ ಹೇಗೆ ಸೇರೀತು? ಮೆತ್ತಗಿನ ಬ್ರೆಡ್ಡನ್ನು ಬಾಯಿಗಿಟ್ಟರೆ ಹಿಟ್ಟು ಮೆತ್ತಿದ ಆ ಕೈ ಕಣ್ಣೆದುರು ಬರುತ್ತಿತ್ತು.

"ಹೇಳ್ಬಿಡೋಣ ರೀ," ಅಂದಳು ಗಂಡನಿಗೆ.

"ಅಮ್ಮನೇ ಮುಚ್ಚಿಟ್ಟಿರೋದನ್ನ ನೀನ್ಯಾಕೆ ಕೆದಕ್ತೀಯ? ಸುಮ್ನಿರು."

ಅವನು ಸುಮ್ಮನಿರಲಾರದೆ ತನ್ನ ದಾರಿ ಹುಡುಕಿಕೊಂಡಿದ್ದ. ಹಳೆಯ ಕಬ್ಬಿಣದ ಬೀರುವೊಂದರ ಹಿಂದಿನ ತಗಡು ಕಿತ್ತು, ಬೀರುವನ್ನು ಭಟ್ಟಿಯ ಹೊಗೆಕೊಳವೆಗೆ ಒರಗಿಸಿ ನಿಲ್ಲಿಸಿದ, ಒಳಗೆ ಹಲಗೆಗಳ ಮೇಲೆ ತೊಟ್ಟಿಗಳನ್ನು ಇಟ್ಟು ಬಾಗಿಲು ಹಾಕಿದ. ಹಿಟ್ಟು ಅಲ್ಲೂ ಸೊಗಸಾಗಿ ಉಬ್ಬಿತು. ಒಂದು ಮಧ್ಯಾಹ್ನದ ಕೆಲಸ. ಅದನ್ನು ನೋಡಿ ಬೇಕರಿಯಕ್ಕ ಬೀರುವಿಗೆ ತಲೆ ಕೊಟ್ಟು ಅತ್ತಳು. ಇಷ್ಟು ಸುಲಭವಾಗಿದ್ದದ್ದನ್ನು ಮಾಡಲು ಒಂದು ಜೀವ ಆಸ್ಪತ್ರೆ ಸೇರಬೇಕಾಯಿತು.

ಅತ್ತೆ ಮನೆಗೆ ಬರುವ ಹೊತ್ತಿಗೆ ಮಂಚ, ಟ್ರಂಕು, ಫೋಟೋ ಎಲ್ಲ ಹಿಂದಿನ ಜಾಗದಲ್ಲಿದ್ದವು. ಆದರೆ ಅತ್ತೆ ಮುಂದಿನ ಕೋಣೆಯ ಸೋಫಾದ ಮೇಲೆ ಕೂತು ಬಿಟ್ಟರು. "ಒಳಗೆ ಬೇಡ. ಕೊಟ್ಟ ಮೇಲೆ ಕೊಟ್ಟಂಗೆ. ಅಲ್ಲಿ ಹಿಟ್ಟೇ ಇಟ್ಕೊಳ್ಳಿ."

"ಹಿಟ್ಟಿಗೆ ಬೇರೆ ಜಾಗ ಮಾಡಿದೀನಮ್ಮ," ಅಂದ ಮಗ.

"ಮಾಡಿದ್ರೆ ಇನ್ನೂ ಜಾಸ್ತಿ ಬೇಯ್ಸು. ನಾನು ಇಲ್ಲೇ ಇರ್ತೀನಿ."

ಬೀದಿಯೆಲ್ಲ ಕೊಂಡಾಡುತ್ತಿರುವ ದಾನವನ್ನು ವಾಪಸ್ ಪಡೆಯಲು ಯಾರಿಗೆ ಮನಸ್ಸು ಬಂದೀತು? ಆದರೆ ಚಳಿಗೆ ಇದೊಂದೂ ತಿಳಿಯದು. ಎರಡು ದಿನದಲ್ಲಿ ಕೆಮ್ಮು ಮತ್ತೆ ಕೇಳಿಸಿತು. ಡಾಕ್ಟರು ಹೇಳಿ ಕಳಿಸಿದ್ದ ಮಾತು ಬೇಕರಿಯಕ್ಕನ ತಲೆಯಲ್ಲಿ ಗುಂಯ್‌ಗುಟ್ಟುತ್ತಿತ್ತು: ಇನ್ನೊಂದು ಸಲ ಹೀಗಾದರೆ ಕಷ್ಟ. ಕೊಟ್ಟದ್ದೇ ಅಲ್ಲ ಎಂದಾದರೆ ಅತ್ತೆ ಒಳಗೆ ಹೋಗಲೇಬೇಕು ಎಂದು ಅವಳು ಲೆಕ್ಕ ಹಾಕಿದಳು. ಅದು ಅತ್ತೆಯ ಜೀವಕ್ಕಾಗಿಯೋ, ತನ್ನ ಎದೆಯ ಭಾರ ಇಳಿಸಿಕೊಳ್ಳುವುದಕ್ಕೋ ಎಂದು ಕೇಳಿದರೆ ಅವಳು ಮೊದಲನೆಯದೇ ಅನ್ನುತ್ತಾಳೆ. ಪೂರ್ತಿ ನಂಬಬೇಡಿ.

ಆ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಹಣ್ಣು ಕೊಡಲು ಬಂದ ಆಯಾಳನ್ನೂ ಅತ್ತೆ ಕೂರಿಸಿಕೊಂಡು, "ಮಂಚ ಎತ್ತು ಅಂದ್ರೆ ಇವಳ ಕೈಯೇ ಬರ್ತಿಲ್ಲ..." ಎಂದು ಶುರುಮಾಡಿದ್ದರು.

"ಅತ್ತೆ ಕೊಟ್ಟಿಲ್ಲ," ಅಂದಳು ಬೇಕರಿಯಕ್ಕ. ಸ್ವರ ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ನಾನೇ ತಗೊಂಡೆ. ಅವರು ಕಣ್ಣಿನ ಆಸ್ಪತ್ರೆಗೆ ಹೋಗಿದ್ದಾಗ ಕೇಳದೇ ಮಂಚ ಎಳೆದು ಹಾಕ್ದೆ. ಪಾಪ, ಕಣ್ಣು ಕಾಣದೆ ಬಂದು ಹಿಟ್ಟಿನೊಳಗೆ ಕೈ ಇಟ್ರು. ನನ್ನ ಮಾನ ಉಳಿಸೋಕೆ ಇಷ್ಟು ದಿನ ಸುಳ್ಳು ಹೇಳಿದ್ರು. ನನ್ನ ಕೈಲಿ ಇನ್ನು ತಡ್ಕೊಳ್ಳೋಕೆ ಆಗಲ್ಲ."

ಆಯಾ ಎದ್ದಳು. "ಹೊತ್ತಾಯ್ತು, ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದವಳು ಬೀದಿಯ ಕಡೆಗೆ ಎಂದೂ ಇಲ್ಲದ ವೇಗದಲ್ಲಿ ಹೋದಳು.

"ಹೌದೇನಣ್ಣಾ?" ಅಂದಳು ನಾದಿನಿ.

ಅಣ್ಣ ತಟ್ಟೆ ನೋಡುತ್ತಾ ತಲೆಯಾಡಿಸಿದ. ಮಗಳು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

ನಾದಿನಿ ಶಾಲಿನ ಕಡೆ ಒಮ್ಮೆ ನೋಡಿದಳು, ಅದನ್ನು ಕೊಟ್ಟದ್ದಕ್ಕೆ ಈಗ ಉರಿಯುತ್ತಿತ್ತು. "ಅಮ್ಮಾ, ಎದ್ದೇಳು. ನನ್ನ ಮನೆಗೆ ನಡಿ. ಇಂಥೋರ ಜೊತೆ ಒಂದು ದಿನ ಇರಬೇಡ."

"ನೀನು ಸುಮ್ನೆ ಕೂತ್ಕೊಳ್ಳೆ," ಅಂದರು ಅತ್ತೆ. ಮುಖದಲ್ಲಿ ಇಷ್ಟು ದಿನ ತುಂಬಿಕೊಂಡಿದ್ದ ಕಳೆ ಒಂದೇ ಸಲ ಇಳಿದು ಹೋಗಿತ್ತು. ಸೊಸೆಯ ಕಡೆ ತಿರುಗಿದರು. "ನಿಂಗೆ ಹಗುರ ಆಯ್ತಾ?"

"ಅತ್ತೆ, ನಿಮಗೋಸ್ಕರ ಹೇಳಿದ್ದು. ನೀವು ಒಳಗೆ ಮಲಗ್ಬೇಕು ಅಂತ..."

"ನಂಗೋಸ್ಕರ ಆಗಿದ್ರೆ ನನ್ನನ್ನ ಒಂದು ಮಾತು ಕೇಳ್ತಿದ್ದೆ. ಆವತ್ತೂ ಕೇಳ್ಲಿಲ್ಲ. ಇವತ್ತೂ ಕೇಳ್ಲಿಲ್ಲ."

ಬೇಕರಿಯಕ್ಕನ ಕಣ್ಣಿಂದ ನೀರು ಇಳಿಯಿತು.

"ನಿನ್ನ ಮಾನ ಉಳಿಸೋಕೆ ಸುಳ್ಳು ಹೇಳಿದೆ ಅಂದ್ಕೊಂಡ್ಯಾ?" ಅತ್ತೆ ಕೆಮ್ಮಿದರು, ಕೆಮ್ಮು ನಿಲ್ಲುವವರೆಗೆ ಕಾದರು. "ನನ್ನ ಮಾನ ಉಳಿಸ್ಕೊಳ್ಳೋಕೆ ಹೇಳಿದ್ದು. ಈ ಮನೇಲಿ ಕೊಡೋಳು ನಾನು ಅಂತ ಇಷ್ಟು ದಿನ ತಲೆ ಎತ್ಕೊಂಡಿದ್ದೆ. ನಾಳೆಯಿಂದ ಬೀದೀಲಿ ನಾನು ಆಚೆ ಹಾಕಿಸ್ಕೊಂಡ ಮುದುಕಿ."

ಅತ್ತೆ ಮೇಜಿಗೆ ಕೈಯೂರಿ ಎದ್ದರು, ಸೋಫಾದ ಮೇಲಿನ ಕಂಬಳಿ ಮಡಚಿ ತೋಳಿನ ಮೇಲೆ ಹಾಕಿಕೊಂಡರು.

"ಎಲ್ಲಿ ಮಲಗ್ಲಿ, ಹೇಳಮ್ಮ."

"ಅತ್ತೆ..."

"ಹೇಳು. ನೀನು ಹೇಳಿದ ಕಡೆ ಮಲಗ್ತೀನಿ."

"ಒಳಗೆ," ಅಂದಳು ಬೇಕರಿಯಕ್ಕ.

ಅತ್ತೆ ಒಳಗೆ ಹೋಗಿ ತಮ್ಮ ಗೋಡೆಗೆ ಬೆನ್ನು ಕೊಟ್ಟು ಮಲಗಿದರು. ಒಂದು ವಾರದಲ್ಲಿ ಕೆಮ್ಮು ನಿಂತಿತು. ನಾದಿನಿ ಊರಿಗೆ ಹೋದಳು, ಹೋಗುವಾಗ ಅಣ್ಣನಿಗೆ ಮಾತ್ರ ಹೇಳಿ ಹೋದಳು. ಬೀದಿಯವರು ನಾಲ್ಕು ದಿನ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿಕೊಂಡು, ಆಮೇಲೆ ಬೇರೆ ಮನೆಯ ಸುದ್ದಿಗೆ ಹೋದರು. ಅತ್ತೆ ಮಾತ್ರ ಬಂದವರನ್ನು ಒಳಗೆ ಕರೆದು ಗೋಡೆ ಮುಟ್ಟಿಸುವುದನ್ನು ಬಿಟ್ಟರು.

ಚಳಿಯೂ ಇಳಿಯಿತು. ಒಂದು ಬೆಳಿಗ್ಗೆ ಮಂಜಿಲ್ಲದೆ ಬೀದಿ ಬೆಳಗಾಯಿತು, ಸೈಕಲ್ ಶಾಪಿನವನು ಸ್ವೆಟರ್ ಬಿಚ್ಚಿ ಹ್ಯಾಂಡಲಿಗೆ ನೇತುಹಾಕಿದ, ಅಂಗಡಿಯ ಮೆಟ್ಟಿಲ ಮೇಲೆ ಒಳ್ಳೆಯ ಬಿಸಿಲು ಬಿತ್ತು. ಬೇಕರಿಯಕ್ಕ ಬ್ರೆಡ್ಡು ಜೋಡಿಸುತ್ತಿದ್ದಳು. ಹಿಂದೆ ಯಾರೋ ನಿಂತ ಹಾಗಾಗಿ ತಿರುಗಿದಳು. ಆ ಮೆಟ್ಟಿಲನ್ನು ಗಂಡನ ಜೊತೆ ಕೂತು ಕಟ್ಟಿಸಿದ ಹೆಂಗಸು ಬಾಗಿಲ ಚೌಕಟ್ಟು ಹಿಡಿದು, ಹೊಸ್ತಿಲ ಒಳಗೇ ನಿಂತಿದ್ದರು.

"ಸ್ವಲ್ಪ ಹೊತ್ತು ಬಿಸಿಲಲ್ಲಿ ಕೂರ್ಲಾ?" ಎಂದು ಕೇಳಿದರು ಅತ್ತೆ.

ಮುಖದಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದರು. ಬೇಡ ಅಂದರೆ ಒಳಗೆ ಹೋಗುವವರಿದ್ದರು.

"ಕೂತ್ಕೊಳ್ಳಿ, ಅತ್ತೆ," ಅಂದಳು ಬೇಕರಿಯಕ್ಕ.